ಶನಿವಾರ ಭಾನುವಾರ ಗುಡುಗು ಮಳೆ ಅಂತಿದಾರೆ, ಮೇಗರವಳ್ಳಿ ಹತ್ರ ಅಂಗಳದಲ್ಲೇ ಉಪನಯನ ಇದೆ, ಏನ್ ಮಾಡೋದು ಹೇಳಿ

ಮೇಗರವಳ್ಳಿ ಮನೆಮಗಳು:

ಎಲ್ಲರಿಗೂ ನಮಸ್ಕಾರ. ಬರೋ ಭಾನುವಾರ ಅಣ್ಣನ ಮಗನ ಉಪನಯನ, ತೀರ್ಥಹಳ್ಳಿ ತಾಲೂಕಿನ ಮೇಗರವಳ್ಳಿ ಹತ್ರ ನಮ್ಮ ಹಳೇ ಮನೆ ಅಂಗಳದಲ್ಲೇ ಆಗ್ಬೇಕು ಅಂತ ಅಪ್ಪ ಅಮ್ಮನ ಆಸೆ, ಅದ್ಕೆ ಛತ್ರ ಗಿತ್ರ ಏನೂ ಹಿಡಿದಿಲ್ಲ. ಸುಮಾರು ಮುನ್ನೂರು ಜನ ಆಗ್ತಾರೆ. ಶನಿವಾರ ಮಧ್ಯಾಹ್ನದಿಂದಲೇ ಹತ್ತಿರದ ನೆಂಟರು ಬರೋಕೆ ಶುರು, ರಾತ್ರಿ ಊಟಕ್ಕೇ ಎಂಬತ್ತು ತೊಂಬತ್ತು ಜನ ಇರ್ತಾರೆ, ಭಾನುವಾರ ಬೆಳಿಗ್ಗೆ ಹತ್ತರ ಆಸುಪಾಸು ಮುಹೂರ್ತ, ಹನ್ನೆರಡೂವರೆಗೆ ಮೊದಲನೇ ಪಂಕ್ತಿ.

ಈಗ ನೋಡಿದ್ರೆ ಹವಾಮಾನ ಇಲಾಖೆಯವರು ದಕ್ಷಿಣ ಒಳನಾಡಿಗೆ ಎರಡೂ ದಿನ ಯೆಲ್ಲೋ ಅಲರ್ಟ್ ಕೊಟ್ಟಿದಾರೆ, ಕೆಲವು ಕಡೆ ಗುಡುಗು ಸಿಡಿಲಿನ ಜೊತೆ ಮಳೆ, ಗಂಟೆಗೆ 40ರಿಂದ 50 ಕಿಲೋಮೀಟರ್ ಗಾಳಿ ಅಂತ. ನನ್ನ ಫೋನಲ್ಲಿರೋ ಒಂದು ಆ್ಯಪ್ ಭಾನುವಾರ 40 ಪರ್ಸೆಂಟ್ ಅಂತಿದೆ, ಯಜಮಾನ್ರ ಫೋನಲ್ಲಿರೋದು 85 ಅಂತಿದೆ. ಅಣ್ಣ ಮೇ ತಿಂಗಳಲ್ಲಿ ಇದೆಲ್ಲ ಇದ್ದಿದ್ದೇ ಬಿಡು ಅಂತಾನೆ, ಭಾವ ಈಗ್ಲೂ ತೀರ್ಥಹಳ್ಳಿಲಿ ಛತ್ರ ಸಿಗುತ್ತಾ ನೋಡಿ ಅಂತಾರೆ, ನಾನು ಬೆಂಗಳೂರಲ್ಲಿ ಕೂತು ಇಬ್ರ ಮಧ್ಯೆ ಫೋನ್ ಹಿಡ್ಕೊಂಡಿದೀನಿ. ಈ ಮುನ್ಸೂಚನೆನ ನಮ್ಮೂರಿಗೆ ಹೆಂಗೆ ಓದ್ಕೋಬೇಕು? ಬಟ್ಟೆ ಶಾಮಿಯಾನ ಸಾಕಾ, ಶೀಟ್ ಹಾಕಿಸ್ಬೇಕಾ? ಮಕ್ಕಳು, ವಯಸ್ಸಾದವರು ತುಂಬಾ ಇರ್ತಾರೆ, ಸಿಡಿಲಿನದ್ದೇ ಭಯ ನಂಗೆ. ಆ ಕಡೆ ಇರೋವ್ರು ದಯವಿಟ್ಟು ಹೇಳಿ.

ರಿಪ್ಪನ್‌ಪೇಟೆ ತೋಟ:

ಮಾರಾಯ್ರೆ, ಈ ವಾರ ಇಲ್ಲಿ ಸೆಕೆ ಅಂದ್ರೆ ಸೆಕೆ, ಬೆಳಿಗ್ಗೆ ಹತ್ತು ಗಂಟೆಗೇ ಅಂಗಿ ಒದ್ದೆ. ಮೂರು ಗಂಟೆ ಮೇಲೆ ಮೂಡಣ ದಿಕ್ಕಲ್ಲಿ ಮೋಡ ಕಟ್ಟುತ್ತೆ, ನಿನ್ನೆ ಹೊಸನಗರ ಕಡೆ ಒಂದು ಗಂಟೆ ಚಚ್ಚಿ ಹಾಕಿದೆಯಂತೆ, ನಮ್ಮ ತೋಟಕ್ಕೆ ನಾಕು ಹನಿ ಬಿದ್ದಿದ್ದು ಧೂಳು ಅಡಗೋಕೂ ಸಾಲಲಿಲ್ಲ. ಬೇಸಿಗೆ ಮಳೆ ಅಂದ್ರೆ ಹಿಂಗೇ, ಪಕ್ಕದ ಊರಿಗೆ ಬರುತ್ತೆ ನಮ್ಮೂರಿಗೆ ಇಲ್ಲ.

ಮಳೆ ಬೇಕು ಅಂತ ನಾವೆಲ್ಲ ಕಾಯ್ತಾ ಇದೀವಿ, ಅದೂ ನಿಜ. ಭರಣಿ ಮಳೆ ಬಂದ್ರೆ ಧರಣಿ ಎಲ್ಲಾ ಬೆಳೆ ಅಂತ ಹಿರಿಯರು ಹೇಳಿದ್ದು ಸುಮ್ನೆ ಅಲ್ಲ, ಈ ಸಲ ಭರಣಿ ಕೈ ಕೊಡ್ತು, ಈಗ ಕೃತ್ತಿಕಾ ನಡೀತಿದೆ, ಶುಂಠಿ ಹಾಕೋವ್ರು ಪಟ್ಟೆ ಎಬ್ಬಿಸಿ ಕೂತಿದಾರೆ, ಅಡಿಕೆ ಸಿಂಗಾರ ಬಿಸಿಲಿಗೆ ಒಣಗಿ ಮಿಡಿ ಉದುರ್ತಿದೆ. ಆದ್ರೆ ನಿಮ್ಮ ಮನೆ ಕಾರ್ಯಕ್ರಮಕ್ಕೆ ನಾನು ಹೇಳೋದು ಇಷ್ಟೇ, ಎರಡು ಗಂಟೆ ಒಳಗೆ ಕೊನೇ ಪಂಕ್ತಿ ಎದ್ದು ಹೋಗೋ ಹಂಗೆ ಮಾಡ್ಕೊಳ್ಳಿ. ಬೆಳಿಗ್ಗೆ ಮಳೆ ಬರೋದು ಈ ಟೈಮಲ್ಲಿ ಅಪರೂಪ.

ಸಾಗರದ ಮೇಷ್ಟ್ರು:

ತಂಗೀ, ನೀನು ಕೇಳಿದ ಮೊದಲನೇ ಪ್ರಶ್ನೆ, ಮುನ್ಸೂಚನೆ ಹೆಂಗೆ ಓದೋದು ಅಂತ, ಅದನ್ನ ಸ್ವಲ್ಪ ಉದ್ದಕ್ಕೆ ಬರೀತೀನಿ, ಯಾಕಂದ್ರೆ ಎಷ್ಟೋ ಜನ ಅಲರ್ಟ್ ಬಣ್ಣ ಮಾತ್ರ ನೋಡಿ ಹೆದರ್ತಾರೆ ಇಲ್ಲ ಅಸಡ್ಡೆ ಮಾಡ್ತಾರೆ. ನಾನು ಫಿಸಿಕ್ಸ್ ಪಾಠ ಮಾಡಿದವನು, ಮಳೆ ಲೆಕ್ಕ ಬರ್ಕೊಳ್ಳೋದು ಹಳೇ ಅಭ್ಯಾಸ.

ಮೊದಲು ಜಾಗದ ವಿಷಯ. ಇಲಾಖೆ ದಕ್ಷಿಣ ಒಳನಾಡು ಅಂದಾಗ ಅದ್ರೊಳಗೆ ಕೋಲಾರ, ಬೆಂಗಳೂರಿಂದ ಹಿಡಿದು ಶಿವಮೊಗ್ಗ, ಚಿಕ್ಕಮಗಳೂರು, ಕೊಡಗಿನ ತನಕ ಎಲ್ಲಾ ಬರುತ್ತೆ. ಅಷ್ಟು ದೊಡ್ಡ ಸೀಮೆಗೆ ಕೊಟ್ಟಿದ್ದು ನಿಮ್ಮ ಅಂಗಳಕ್ಕೆ ಕೊಟ್ಟಿದ್ದಲ್ಲ. ಟಿವಿಲಿ ಹೇಳೋ ಪ್ರದೇಶದ ಮುನ್ಸೂಚನೆ ಬಿಟ್ಟು ಇಲಾಖೆ ವೆಬ್‌ಸೈಟಲ್ಲಿ ಜಿಲ್ಲಾವಾರು ಪಟ್ಟಿ ಇರುತ್ತೆ, ಅದ್ರಲ್ಲಿ ಶಿವಮೊಗ್ಗದ ಸಾಲು ನೋಡು. ಮತ್ತೆ ಅವರು ಬಳಸೋ ಮಾತಿಗೆಲ್ಲ ಅಳತೆ ಇದೆ. ಒಂದೆರಡು ಕಡೆ ಅಂದ್ರೆ ಮಳೆ ಅಳೆಯೋ ಕೇಂದ್ರಗಳಲ್ಲಿ ಕಾಲು ಭಾಗ ಅಥವಾ ಅದಕ್ಕಿಂತ ಕಮ್ಮಿ ಕಡೆ, ಕೆಲವು ಕಡೆ ಅಂದ್ರೆ 26ರಿಂದ 50 ಪರ್ಸೆಂಟ್, ಹಲವು ಕಡೆ ಅಂದ್ರೆ 51ರಿಂದ 75, ಅದಕ್ಕಿಂತ ಮೇಲೆ ಹೋದ್ರೆ ಬಹುತೇಕ ಎಲ್ಲಾ ಕಡೆ. ನಿಮಗೆ ಬಂದಿರೋದು ಕೆಲವು ಕಡೆ, ಅಂದ್ರೆ ಕಡೇಪಕ್ಷ ಅರ್ಧದಷ್ಟು ಊರಿಗೆ ಮಳೆ ಇಲ್ಲದೇ ಹೋಗೋ ಸಾಧ್ಯತೆನೇ ಅದ್ರಲ್ಲಿ ಅಡಗಿದೆ. ಯೆಲ್ಲೋ ಅಂದ್ರೆ ಗಮನ ಇಟ್ಕೊಂಡಿರಿ ಅಂತ, ಆರೆಂಜ್ ಅಂದ್ರೆ ತಯಾರಾಗಿ ಅಂತ, ರೆಡ್ ಅಂದ್ರೆ ಕೂಡಲೇ ಕ್ರಮ ತಗೊಳ್ಳಿ ಅಂತ. ಇನ್ನೊಂದು ಯಾರೂ ಗಮನಿಸಲ್ಲ, ಇಲಾಖೆಯ ಮಳೆ ದಿನ ಬೆಳಿಗ್ಗೆ 8.30ಕ್ಕೆ ಶುರುವಾಗಿ ಮಾರನೇ ದಿನ 8.30ಕ್ಕೆ ಮುಗಿಯುತ್ತೆ, ಹಂಗಾಗಿ ಶನಿವಾರದ್ದು ಅಂತ ಬಂದ ಮುನ್ಸೂಚನೆಲಿ ಭಾನುವಾರದ ನಸುಕೂ ಸೇರಿರುತ್ತೆ.

ಈಗ ಆ್ಯಪಿನ 40 ಮತ್ತು 85. ಒಂದೊಂದು ಆ್ಯಪ್ ಒಂದೊಂದು ಮಾಡೆಲ್ ಇಟ್ಕೊಂಡು ಲೆಕ್ಕ ಹಾಕುತ್ತೆ, ಪ್ರಪಂಚನೆಲ್ಲ ಕಿಲೋಮೀಟರ್‌ಗಟ್ಟಲೆ ಅಗಲದ ಚೌಕ ಮಾಡಿ ಒಂದು ಚೌಕಕ್ಕೆ ಒಂದು ಉತ್ತರ ಕೊಡುತ್ತೆ. ಬೇಸಿಗೆ ಗುಡುಗು ಮೋಡ ಅಗಲದಲ್ಲಿ ಕೆಲವೇ ಕಿಲೋಮೀಟರ್, ಒಂದು ಮೋಡ ಹುಟ್ಟಿ ಸುರಿದು ಸಾಯೋದಕ್ಕೆ ಅರ್ಧದಿಂದ ಒಂದು ಗಂಟೆ. ಅದು ಮೇಗರವಳ್ಳಿ ಮೇಲೆ ಹುಟ್ಟುತ್ತಾ ಕೊಪ್ಪದ ಮೇಲೆ ಹುಟ್ಟುತ್ತಾ ಅಂತ ಮೂರು ದಿನ ಮೊದಲು ಹೇಳೋಕೆ ಯಾರಿಂದಲೂ ಆಗಲ್ಲ. ಮೂರು ದಿನ ಮೊದಲು ಹೇಳೋಕೆ ಆಗೋದು ವಾತಾವರಣ ಇಂಥ ಮೋಡಕ್ಕೆ ಅನುಕೂಲವಾಗಿದೆಯಾ ಇಲ್ವಾ ಅಂತ ಮಾತ್ರ, ಈ ವಾರಾಂತ್ಯ ಅನುಕೂಲವಾಗೇ ಇದೆ. ಉತ್ತರದ ಕಡೆಯಿಂದ ಒಳನಾಡು ಹಾದು ಕೆಳಗಿನ ತನಕ ಕಡಿಮೆ ಒತ್ತಡದ ಪಟ್ಟಿ ಇದೆ ಅಂತ ಬುಲೆಟಿನ್ನಲ್ಲಿ ಬಂದಿದೆ. ಬೆಳಿಗ್ಗೆ ನೆಲ ಕಾಯುತ್ತೆ, ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಕಡೆಯ ಹಸಿ ಗಾಳಿ ಘಟ್ಟ ಹತ್ತಿ ಮೇಲೆ ಬರುತ್ತೆ, ಕಾದ ಗಾಳಿ ಜೊತೆ ಅದೂ ಮೇಲೇರುತ್ತೆ, ಮೇಲೆ ತಣ್ಣಗಾಗಿ ಮೋಡ ಗೋಪುರದ ಹಂಗೆ ಏಳುತ್ತೆ. ಇದೆಲ್ಲ ಆಗೋದಕ್ಕೆ ಬಿಸಿಲಿನ ಸಮಯ ಬೇಕು, ಅದಕ್ಕೇ ಬೇಸಿಗೆ ಮಳೆ ಹೆಚ್ಚಾಗಿ ಎರಡು ಮೂರು ಗಂಟೆ ಮೇಲೆ, ರಾತ್ರಿ ಎಂಟು ಒಂಬತ್ತರ ಒಳಗೆ. ಮೇಲ್ಮಟ್ಟದ ಗಾಳಿ ಈ ತಿಂಗಳುಗಳಲ್ಲಿ ಮೂಡಣದಿಂದ ಬೀಸೋದ್ರಿಂದ ಮೋಡಾನೂ ಆ ಕಡೆಯಿಂದಲೇ ತೇಲಿ ಬರುತ್ತೆ, ರಿಪ್ಪನ್‌ಪೇಟೆಯವ್ರು ಹೇಳಿದ್ದು ಸರಿ. ಆಗುಂಬೆ ಪಕ್ಕ ಅಂತ ಜೂನ್ ಜುಲೈ ಮಳೆ ಲೆಕ್ಕ ಇದಕ್ಕೆ ಹಾಕಬೇಡ. ಆಗುಂಬೆಗೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟಿ ಬೀಳೋದು ಪಡುವಣದಿಂದ ಬರೋ ಮುಂಗಾರಿಂದ, ಹಗಲು ರಾತ್ರಿ ಬಿಡದೆ ಸುರಿಯೋ ಮಳೆ ಅದು, ಸಿಡಿಲು ಅದ್ರಲ್ಲಿ ಕಮ್ಮಿ. ಮೇ ತಿಂಗಳ ಮಳೆ ಹೊತ್ತು ಕಮ್ಮಿ, ಆದ್ರೆ ಗಾಳಿ ಸಿಡಿಲು ಅದ್ರಲ್ಲೇ ಜಾಸ್ತಿ.

ಹಂಗಾಗಿ ನನ್ನ ಪ್ರಕಾರ ನೀವೆಲ್ಲ ಭಾನುವಾರದ ಊಟದ ಬಗ್ಗೆ ಚಿಂತೆ ಮಾಡ್ತಿದೀರಿ, ನಿಜವಾದ ಅಪಾಯ ಇರೋದು ಶನಿವಾರ ಸಂಜೆ. ಪೆಂಡಾಲ್ ಎದ್ದು ನಿಂತಿರುತ್ತೆ, ಜನ ತುಂಬಿರ್ತಾರೆ, ಅಡುಗೆ ನಡೀತಿರುತ್ತೆ, ಕತ್ತಲಾಗ್ತಿರುತ್ತೆ, ಅದೇ ಹೊತ್ತಿಗೆ ಮೋಡ ಬರುತ್ತೆ. ಮಳೆಗಿಂತ ಸ್ವಲ್ಪ ಮುಂಚೆ ಇದ್ದಕ್ಕಿದ್ದಂಗೆ ತಣ್ಣನೆ ಗಾಳಿ ಬೀಸುತ್ತಲ್ಲ, ಅದು ಮೋಡದೊಳಗಿಂದ ಕೆಳಗೆ ಕುಸಿದ ತಂಪು ಗಾಳಿ ನೆಲಕ್ಕೆ ಬಡಿದು ಸುತ್ತ ಹರಡೋದು. ಶಾಮಿಯಾನ ಕಿತ್ತು ಹಾಕೋದು ಮಳೆ ಅಲ್ಲ, ಈ ಗಾಳಿ. ಭಾನುವಾರ ಮುಹೂರ್ತಕ್ಕೆ, ಊಟಕ್ಕೆ ತೊಂದರೆ ಆಗೋ ಸಾಧ್ಯತೆ ಕಮ್ಮಿ, ಎರಡು ಗಂಟೆ ಗೆರೆ ದಾಟಬೇಡಿ ಅಷ್ಟೇ.

ಆ ದಿನ ನೋಡ್ಬೇಕಾದ್ದು ಬೇರೆ. ಇಲಾಖೆ ಮೂರು ಮೂರು ಗಂಟೆಗೆ ನೌಕಾಸ್ಟ್ ಅಂತ ಕೊಡುತ್ತೆ, ಅದು ಆಗ ಕಾಣ್ತಿರೋ ಮೋಡ ನೋಡಿ ಹೇಳೋದು, ಅದನ್ನ ನಂಬು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವ್ರು ಮಾಡಿರೋ ದಾಮಿನಿ ಆ್ಯಪ್ ಹಾಕ್ಕೋ, ನೀನಿರೋ ಜಾಗದ ಸುತ್ತ 20 ಮತ್ತು 40 ಕಿಲೋಮೀಟರ್ ಒಳಗೆ ಸಿಡಿಲು ಬಿದ್ರೆ ತೋರಿಸುತ್ತೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವ್ರದ್ದು ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಮಳೆ ಮಾಪಕ ಇದೆ, ಅವರ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಪಂಚಾಯ್ತಿ ಹೆಸರು ಹೇಳಿದ್ರೆ ಕನ್ನಡದಲ್ಲೇ ಹೇಳ್ತಾರೆ, ದಿನದ 24 ಗಂಟೆನೂ ಇರ್ತಾರೆ. ನೆಟ್‌ವರ್ಕ್ ಇಲ್ಲದಿದ್ರೆ ಮಿಂಚು ಕಂಡ ಮೇಲೆ ಗುಡುಗು ಕೇಳೋ ತನಕ ಸೆಕೆಂಡ್ ಎಣಿಸಿ ಮೂರರಿಂದ ಭಾಗಿಸು, ಅಷ್ಟು ಕಿಲೋಮೀಟರ್ ದೂರ. ಮೂವತ್ತು ಎಣಿಸೋದ್ರೊಳಗೆ ಗುಡುಗು ಬಂದ್ರೆ ಎಲ್ಲರೂ ಮನೆ ಒಳಗೆ, ಕೊನೇ ಗುಡುಗು ಕೇಳಿ ಅರ್ಧ ಗಂಟೆ ಆಗೋ ತನಕ ಹೊರಗೆ ಬರೋ ಹಂಗಿಲ್ಲ.

ಪೆಂಡಾಲ್ ವೈರಿಂಗ್ ಶಿವಮೊಗ್ಗ:

ಮೇಡಂ ನಾನು ಶಾಮಿಯಾನ, ಲೈಟಿಂಗ್ ಎರಡೂ ಮಾಡ್ತೀನಿ, ನನ್ನನ್ನೇ ಕರೀರಿ ಅಂತ ಹೇಳ್ತಿಲ್ಲ, ನಿಮ್ಮೂರಿನವ್ರಿಗೇ ಕೊಡಿ, ಆದ್ರೆ ಈ ಮಾತು ಅವ್ರಿಗೆ ಹೇಳಿ. ಬಟ್ಟೆ ಶಾಮಿಯಾನ ಬೇಡ. ಬಟ್ಟೆ ಮೇಲೆ ನೀರು ನಿಂತು ಮಧ್ಯೆ ಹೊಟ್ಟೆ ಬಿಟ್ಕೊಂಡು ಜೋತು ಬೀಳುತ್ತೆ, ಯಾರೋ ಹುಡುಗ್ರು ಕೋಲಲ್ಲಿ ಕೆಳಗಿಂದ ಎತ್ತಿ ನೀರು ಚೆಲ್ಲೋಕೆ ಹೋಗ್ತಾರೆ, ಅಷ್ಟೊತ್ತಿಗೆ ಕಂಬ ವಾಲುತ್ತೆ. ಪೈಪ್ ಹಾಕಿ ತಗಡಿನ ಶೀಟ್ ಪೆಂಡಾಲ್ ಮಾಡಿಸಿ, ಒಂದು ಕಡೆಗೆ ಚೆನ್ನಾಗಿ ಇಳಿಜಾರು ಇರ್ಲಿ, ಆ ಇಳಿಜಾರು ಮನೆ ಜಗಲಿ ಕಡೆ ಬರದ ಹಂಗೆ ನೋಡ್ಕೊಳ್ಳಿ ಇಲ್ಲಾಂದ್ರೆ ನೀರೆಲ್ಲ ಒಳಗೆ. ಶೀಟಿಗೆ ಹುಕ್ ಬೋಲ್ಟ್ ಹಾಕ್ತಾರೆ, ಕೆಲವ್ರು ಅರ್ಜೆಂಟಲ್ಲಿ ಒಂದು ಬಿಟ್ಟು ಒಂದು ಹಾಕಿ ಹೋಗ್ತಾರೆ, ನಿಮ್ಮಣ್ಣನಿಗೆ ಹೇಳಿ ಅಂಚಿನ ಸಾಲಲ್ಲಿ ಪ್ರತಿಯೊಂದೂ ಕೈ ಹಾಕಿ ಅಲ್ಲಾಡಿಸಿ ನೋಡ್ಲಿ, ಗಾಳಿ ಹಿಡಿಯೋದು ಅಂಚಿಂದಲೇ. ಕಂಬ ನೆಲದ ಮೇಲೆ ಬರೀ ಇಟ್ಟಿರ್ಬಾರ್ದು, ಎರಡು ಅಡಿ ಗುಂಡಿ ತೆಗೆದು ಕಲ್ಲು ಬಡಿದು ನಿಲ್ಲಿಸಿರ್ಬೇಕು, ಅಂಗಳ ಒದ್ದೆಯಾದ್ರೆ ಮಣ್ಣು ಸಡಿಲ ಆಗುತ್ತೆ. ಹಗ್ಗನ ತೆಂಗಿನ ಮರಕ್ಕೆ ಕಟ್ಟೋದು ನಮ್ಮ ಕಡೆ ರೂಢಿ, ಮರ ಗಾಳಿಗೆ ಓಲಾಡಿದಾಗ ಪೆಂಡಾಲನ್ನೂ ಎಳೆಯುತ್ತೆ, ಬೇಡ, ಗೂಟ ಹೊಡೀರಿ. ಅಡ್ಡ ಪರದೆ ಚೆಂದ ಕಾಣುತ್ತೆ ಅಂತ ಮೂರು ಸುತ್ತ ಕಟ್ಟಿಸ್ಬೇಡಿ, ಅದು ಗಾಳಿಗೆ ಹಾಯಿ ಥರ ಉಬ್ಬಿ ಇಡೀ ಚೌಕಟ್ಟನ್ನೇ ಎತ್ತುತ್ತೆ, ಶನಿವಾರ ಸಂಜೆ ಮೋಡ ಕಂಡ ಕೂಡ್ಲೆ ಬಿಚ್ಚೋ ಹಂಗೆ ಗಂಟು ಹಾಕಿರ್ಲಿ.

ವೈರಿಂಗ್ ವಿಷಯ ಇನ್ನೂ ಮುಖ್ಯ. ಕಬ್ಬಿಣದ ಪೈಪು, ತಗಡು, ಒದ್ದೆ ನೆಲ, ಮೂರೂ ಸೇರಿದಾಗ ಒಂದು ಕಡೆ ಟೇಪ್ ಸುತ್ತಿದ ಜಾಯಿಂಟ್ ಬಿಚ್ಚಿಕೊಂಡ್ರೆ ಇಡೀ ಪೆಂಡಾಲೇ ಶಾಕ್ ಹೊಡೆಯುತ್ತೆ. ಸಿಡಿಲಿಗಿಂತ ಇದು ಹತ್ತಿರದ ಅಪಾಯ. ಪೆಂಡಾಲ್ ಲೈನಿಗೆ ಬೇರೆ ಬೋರ್ಡ್ ಹಾಕ್ಸಿ, ಅದ್ರಲ್ಲಿ 30 ಮಿಲಿ ಆಂಪಿಯರ್ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದ್ರೆ ತಾನೇ ಬಂದ್ ಆಗೋ ಸ್ವಿಚ್ಚು, ಇರ್ಲಿ, ಜನರೇಟರಿಗೆ ಅರ್ಥಿಂಗ್ ಕೊಡಿಸಿ, ವೈರು ಪೈಪಿಗೆ ಸುತ್ತದೆ ಮರದ ಪಟ್ಟಿ ಮೇಲೆ ಎಳೀಲಿ, ಜಾಯಿಂಟ್ ಒಂದೂ ನೆಲದಲ್ಲಿ ಬಿದ್ದಿರ್ಬಾರ್ದು. ಗುಡುಗು ಶುರುವಾದ್ರೆ ಮೈಕು, ಆಂಪ್ಲಿಫೈಯರ್ ಬಂದ್ ಮಾಡಿ ಪ್ಲಗ್ ಕಿತ್ತಿಡಿ. ಮನೇಲೂ ಅಷ್ಟೇ, ಡಿಶ್ ಕೇಬಲ್ಲು, ಟಿವಿ, ಬೋರ್‌ವೆಲ್ ಸ್ಟಾರ್ಟರ್ ಎಲ್ಲಾ ಬಿಡಿಸಿ. ಇಂಟರ್‌ನೆಟ್ಟಿಗೆ ಬರೋ ಫೈಬರ್ ಗಾಜಿನದ್ದು, ಅದ್ರಲ್ಲಿ ಕರೆಂಟ್ ಬರಲ್ಲ, ಆದ್ರೆ ರೂಟರ್ ಅಡಾಪ್ಟರ್ ಮೂಲಕ ಬರುತ್ತೆ, ಅದನ್ನೂ ಕೀಳಿ.

ಕೊಪ್ಪದ ಆಶಾ ಅಕ್ಕ:

ತಂಗಿ, ಪೆಂಡಾಲ್ ಎಷ್ಟು ಗಟ್ಟಿ ಇದ್ರೂ ಸಿಡಿಲಿಗೆ ಅದು ಮನೆ ಅಲ್ಲ ಅನ್ನೋದು ನೆನಪಿರ್ಲಿ. ಇದನ್ನ ಎಲ್ಲರಿಗೂ ಒತ್ತಿ ಒತ್ತಿ ಹೇಳ್ತೀನಿ. ಮಳೆ ಬಂದ್ರೆ ಜನ ಅದ್ರಡಿಗೇ ಓಡಿ ಬರ್ತಾರೆ, ಕಬ್ಬಿಣದ ಕಂಬಕ್ಕೆ ಒರಗಿ ನಿಂತು ಮಳೆ ನೋಡ್ತಾರೆ. ನಮ್ಮೂರಲ್ಲಿ ಹೋದ ವರ್ಷ ಬೇಸಿಗೆಲಿ ಮನೆ ಹಿಂದಿನ ಹಲಸಿನ ಮರಕ್ಕೆ ಬಡೀತು. ಆಗಿನ್ನೂ ಮಳೆ ಶುರುವೇ ಆಗಿರ್ಲಿಲ್ಲ, ಗುಡ್ಡದಾಚೆ ಗುಡುಗ್ತಿತ್ತು ಅಷ್ಟೇ. ಮರದ ತುದಿಯಿಂದ ಬುಡದ ತನಕ ತೊಗಟೆ ಒಂದು ಗೇಣು ಅಗಲಕ್ಕೆ ಸಿಗಿದು ಬಿಳಿ ತಿರುಳು ಕಾಣ್ತಿತ್ತು, ಚಕ್ಕೆ ಕೊಟ್ಟಿಗೆ ಮಾಡಿನ ಮೇಲೆ ಬಿದ್ದಿತ್ತು, ಮರದ ಕೆಳಗೆ ಕಟ್ಟಿದ್ದ ಎರಡು ದನ ಅಲ್ಲೇ ಹೋದ್ವು. ದನಗಳ ಮೈ ಮೇಲೆ ಒಂದು ಗಾಯ ಇಲ್ಲ. ಮರಕ್ಕೆ ಬಡಿದ ಕರೆಂಟು ಬುಡದಿಂದ ನೆಲದಲ್ಲಿ ಹರಡುತ್ತಂತೆ, ನಾಲ್ಕು ಕಾಲು ದೂರ ದೂರ ಊರಿ ನಿಲ್ಲೋ ದನಕ್ಕೆ ಅದ್ಕೇ ಹೆಚ್ಚು ಹೊಡೆಯೋದಂತೆ. ನಿಮ್ಮನೇಲಿ ಆ ದಿನ ಹೋರಿ ದನ ಎಲ್ಲಾ ಜನ ಗಲಾಟೆ ಅಂತ ಮರದಡಿಗೆ ಕಟ್ಟಿ ಹಾಕಿರ್ತಾರೆ ನೋಡಿ, ಬೇಡ, ಕೊಟ್ಟಿಗೆಗೇ ಹಾಕಿ.

ಮಕ್ಕಳನ್ನ ನೋಡ್ಕೊಳ್ಳೋಕೆ ಅಂತಲೇ ಒಬ್ರಿಗೆ ಜವಾಬ್ದಾರಿ ಕೊಡಿ. ಬೆಂಗಳೂರು ಮಕ್ಕಳಿಗೆ ಮಳೆ ಬಂದ್ರೆ ಆಲಿಕಲ್ಲು ಆಯೋ ಖುಷಿ, ತೋಟಕ್ಕೋ ಕೆರೆ ಕಡೆಗೋ ಓಡಿರ್ತಾವೆ. ಗುಡುಗು ಕೇಳಿದ್ರೆ ಎಲ್ಲಾ ನಡುಮನೆಗೆ, ತೆರೆದ ಜಗಲಿಲೂ ಕೂರೋದು ಬೇಡ. ಆ ಹೊತ್ತಲ್ಲಿ ಬಚ್ಚಲಲ್ಲಿ ಸ್ನಾನ, ನಲ್ಲಿ ಹತ್ರ ಪಾತ್ರೆ ತೊಳೆಯೋದು ಬೇಡ. ಒಳಗೆ ಜಾಗ ಸಾಲದಿದ್ರೆ ಕಾರಲ್ಲಿ ಕೂತು ಗಾಜು ಏರಿಸ್ಕೊಳ್ಳಿ, ಅದು ಸೇಫು. ಬೈಕ್ ಅಲ್ಲ.

ಇನ್ನೊಂದು, ಯಾರಿಗಾದ್ರೂ ಸಿಡಿಲು ಬಡಿದ್ರೆ ಮುಟ್ಟೋಕೆ ಹೆದರ್ಬೇಡಿ. ಅವ್ರ ಮೈಯಲ್ಲಿ ಕರೆಂಟ್ ಉಳಿದಿರಲ್ಲ. ಉಸಿರು ನಾಡಿ ಇಲ್ಲ ಅಂದ್ರೆ ಕೂಡ್ಲೆ ಎದೆ ಒತ್ತೋಕೆ ಶುರು ಮಾಡಿ, ಇನ್ನೊಬ್ರು 108ಕ್ಕೆ ಫೋನ್ ಮಾಡ್ಲಿ. ಎಷ್ಟೋ ಸಲ ಹೃದಯ ನಿಂತಿದ್ದು ಮತ್ತೆ ಹಿಡ್ಕೊಳ್ಳುತ್ತೆ. ಮುಟ್ಟಿದ್ರೆ ಶಾಕ್ ಹೊಡೆಯುತ್ತೆ ಅಂತ ದೂರ ನಿಂತು ನೋಡಿದ್ರೆ ಜೀವ ಉಳಿಸ್ಬಹುದಾದ ಆ ಮೊದಲ ಕೆಲವು ನಿಮಿಷ ಹೋಗೇ ಬಿಡುತ್ತೆ.

ಭದ್ರಾವತಿ ಬುಲೆಟ್:

ಇದ್ರಲ್ಲೇ ಕೇಳ್ತಿದೀನಿ ಬೇಜಾರ್ ಮಾಡ್ಕೋಬೇಡಿ, ನಾವು ಫ್ರೆಂಡ್ಸ್ ಎಲ್ಲಾ ಶನಿವಾರ ಕೊಡಚಾದ್ರಿ ಸನ್‌ಸೆಟ್ ನೋಡೋ ಪ್ಲಾನ್ ಇದೆ, ಯೆಲ್ಲೋ ಅಲರ್ಟ್ ಅಷ್ಟೇ ತಾನೆ, ಹೋಗ್ಬಹುದಾ?

ಸಾಗರದ ಮೇಷ್ಟ್ರು:

ಸನ್‌ಸೆಟ್ ಬಿಡಿ, ಸನ್‌ರೈಸ್ ಇಟ್ಕೊಳ್ಳಿ. ಕೊಡಚಾದ್ರಿ 1343 ಮೀಟರ್, ತುದಿಯ ಸರ್ವಜ್ಞ ಪೀಠದ ಹತ್ರ ಬೋಳು ಹುಲ್ಲುಗಾವಲು, ಸುತ್ತಲಿನ ಎಲ್ಲದಕ್ಕಿಂತ ಎತ್ತರ ನೀವೇ ಇರ್ತೀರಿ. ಮೋಡ ಕಟ್ಟೋ ಹೊತ್ತೂ ಸಂಜೆನೇ. ಮೂಡಣದಿಂದ ಬರೋ ಮೋಡ ಪಡುವಣಕ್ಕೆ ಸೂರ್ಯ ನೋಡ್ತಾ ಕೂತವ್ರಿಗೆ ಬೆನ್ನ ಹಿಂದೆ ಇರುತ್ತೆ, ಗುಡುಗು ಕೇಳಿ ತಿರುಗೋ ಹೊತ್ತಿಗೆ ತಲೆ ಮೇಲೇ ಬಂದಿರುತ್ತೆ. ಬೆಳಿಗ್ಗೆ ಬೇಗ ಹತ್ತಿ ಹನ್ನೊಂದರೊಳಗೆ ಇಳಿದು ಬಿಡಿ. ಕುಂದಾದ್ರಿಗೂ ಇದೇ ಮಾತು.

ರಿಪ್ಪನ್‌ಪೇಟೆ ತೋಟ:

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು. ನಾನು ತೋಟದ ಕೆಲಸದವ್ರ ಪರವಾಗಿ ಒಂದು ಮಾತು ಸೇರಿಸ್ತೀನಿ, ಓದೋವ್ರಲ್ಲಿ ತೋಟದವ್ರು ತುಂಬಾ ಇದಾರೆ. ಈಗ ಅಡಿಕೆ ಕೊಳೆ ರೋಗಕ್ಕೆ ಮೊದಲನೇ ಬೋರ್ಡೋ ದ್ರಾವಣ ಹೊಡೆಯೋ ತಯಾರಿ ಎಲ್ಲಾ ಕಡೆ ನಡೀತಿದೆ, ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ, ನೂರು ಲೀಟರ್ ನೀರು, ಅದು ಎಲ್ರಿಗೂ ಗೊತ್ತು. ಈಗ ಮರ ಹತ್ತೋರು ಕಮ್ಮಿ, ಎಲ್ಲಾ ಉದ್ದದ ಫೈಬರ್ ದೋಟಿ. ಆ ಕಾರ್ಬನ್ ಫೈಬರ್ ದೋಟಿ ಹಗುರ ಇದೆ ಅಂತ ಪ್ಲಾಸ್ಟಿಕ್ ಅಂದ್ಕೋಬೇಡಿ, ಕಾರ್ಬನ್ನಲ್ಲಿ ಕರೆಂಟ್ ಹರಿಯುತ್ತೆ. ಮೋಡ ಗುಡುಗ್ತಿರುವಾಗ ಅದನ್ನ ಮರದ ತಲೆ ತನಕ ಎತ್ತಿ ಹಿಡಿಯೋದು ಅಂದ್ರೆ ಸಿಡಿಲಿಗೆ ದಾರಿ ಮಾಡಿ ಕೊಟ್ಟಂಗೆ, ತೋಟದ ಮೇಲೆ ಹಾದು ಹೋಗೋ ಲೈನಿಗೆ ತಾಗಿದ್ರಂತೂ ಮಳೆನೇ ಬೇಕಿಲ್ಲ. ಇನ್ನೊಂದು ಮರಕ್ಕೆ ಹೊಡೆದು ಮುಗಿಸ್ಬಿಡ್ತೀವಿ ಅಂತ ಕೆಲಸದವ್ರೇ ಅಂತಾರೆ, ನಿಲ್ಸೋ ಜವಾಬ್ದಾರಿ ತೋಟದ ಯಜಮಾನ್ರದ್ದು. ಹೆಂಗಿದ್ರೂ ಹೊಡೆದ ಔಷಧಿ ಒಣಗಿ ಹಿಡ್ಕೊಳ್ಳೋಕೆ ಟೈಮ್ ಬೇಕು, ಸಂಜೆ ಮಳೆ ಬರೋ ದಿನ ಮಧ್ಯಾಹ್ನದ ಮೇಲೆ ಹೊಡೆದ್ರೆ ದುಡ್ಡೂ ತೊಳೆದು ಹೋಗುತ್ತೆ.

ಮೇಗರವಳ್ಳಿ ಮನೆಮಗಳು:

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ನಿಮ್ಮ ಮಾತೆಲ್ಲ ಅಣ್ಣನಿಗೆ ಫೋನಲ್ಲಿ ಓದಿ ಹೇಳ್ದೆ, ಮೇಷ್ಟ್ರು ಶನಿವಾರ ಸಂಜೆ ಬಗ್ಗೆ ಹೇಳಿದ್ದು ಕೇಳಿ ಅವ್ನೂ ಒಪ್ಕೊಂಡ. ಶೀಟ್ ಪೆಂಡಾಲ್ ಅಂತ ಗಟ್ಟಿಯಾಯ್ತು, ಎಲೆಕ್ಟ್ರಿಷಿಯನ್‌ಗೆ ಆರ್‌ಸಿಸಿಬಿ ಹೇಳಿದೀವಿ. ಅಡುಗೆ ಭಟ್ರ ಹತ್ರ ಮಾತಾಡಿ ಶನಿವಾರ ರಾತ್ರಿ ಊಟನ ಸಂಜೆ ಐದರೊಳಗೆ ಬೇಯಿಸಿ ಒಳಗೆ ತಂದಿಡೋ ಹಂಗೆ ಮಾಡ್ಕೊಂಡಿದೀವಿ, ಚಿತ್ರಾನ್ನ, ಸಾರು, ಒಂದು ಪಲ್ಯ ಅಷ್ಟೇ. ನಡುಮನೆ, ಒಳಜಗಲಿ, ಮೆತ್ತು ಎಲ್ಲಾ ಸೇರಿದ್ರೆ ಐವತ್ತು ಜನ ಕೂರ್ಬಹುದು, ಎರಡು ಪಂಕ್ತಿ ಆಗುತ್ತೆ. ಉಳಿದಿರೋ ಚಿಂತೆ ಎರಡು. ಅಂಗಳ ಸಗಣಿ ಸಾರಿಸಿದ ಮಣ್ಣಿನ ಅಂಗಳ, ಶನಿವಾರ ನೆನೆದ್ರೆ ಭಾನುವಾರ ಬೆಳಿಗ್ಗೆ ಪಂಚೆ ಸೀರೆಲಿ ಓಡಾಡೋದು ಹೆಂಗೆ? ಮತ್ತೆ ಶನಿವಾರ ಬೆಂಗಳೂರಿಂದ ಕಾರಲ್ಲಿ ಬರೋವ್ರಿಗೆ, ಭಾನುವಾರ ವಾಪಸ್ ಹೋಗೋವ್ರಿಗೆ ಯಾವ ಹೊತ್ತು ಹೇಳ್ಲಿ?

ಪೆಂಡಾಲ್ ವೈರಿಂಗ್ ಶಿವಮೊಗ್ಗ:

ಅಂಗಳಕ್ಕೆ ಮೇಡಂ, ಶುಕ್ರವಾರವೇ ಪೆಂಡಾಲ್ ಸುತ್ತ ಒಂದು ಗುದ್ದಲಿ ಅಗಲ ಬಸಿಗಾಲುವೆ ತೆಗೆಸಿ ತೋಟದ ಕಡೆ ಬಿಡಿ, ಗುಡ್ಡದ ಕಡೆಯಿಂದ ನೀರು ಇಳಿಯೋ ಜಾಗದಲ್ಲಿ ಇನ್ನೂ ಸ್ವಲ್ಪ ಆಳ. ಪೆಂಡಾಲ್ ಒಳಗೆ ಶೀಟ್ ಇರೋದ್ರಿಂದ ಅಷ್ಟು ನೆನೆಯಲ್ಲ, ನೆನೆಯೋದು ಅಂಚು ಮತ್ತೆ ಗೇಟಿಂದ ಬರೋ ದಾರಿ. ಆ ದಾರಿಗೆ ಒಂದು ಟ್ರ್ಯಾಕ್ಟರ್ ಎಂಸ್ಯಾಂಡ್ ತರಿಸಿ ರಾಶಿ ಹಾಕಿಟ್ಕೊಳ್ಳಿ, ಮಳೆ ಬಂದ್ರೆ ಮಾತ್ರ ಭಾನುವಾರ ಬೆಳಿಗ್ಗೆ ಆರಕ್ಕೆ ಹರಡಿಸಿ. ಮೊದಲೇ ಹರಡಿದ್ರೆ ಮಳೆಗೆ ಕೊಚ್ಚಿ ಹೋಗುತ್ತೆ. ಮ್ಯಾಟು ಭಾನುವಾರ ಬೆಳಿಗ್ಗೆನೇ ಹಾಸಿ, ಶನಿವಾರ ಹಾಸಿ ಒದ್ದೆ ಮಾಡ್ಕೋಬೇಡಿ.

ಕೊಪ್ಪದ ಆಶಾ ಅಕ್ಕ:

ನೀರು ತಂಗಿ, ನೀರು! ಗಾಳಿಗೆ ಎಲ್ಲೋ ಒಂದು ಮರ ಲೈನ್ ಮೇಲೆ ಬಿದ್ರೆ ಕಾಡೊಳಗೆ ಹುಡುಕಿ ಸರಿ ಮಾಡೋ ಹೊತ್ತಿಗೆ ಲೈನ್‌ಮನ್‌ಗಳಿಗೆ ಎಷ್ಟು ಹೊತ್ತಾಗುತ್ತೋ, ಪಾಪ ಅವ್ರೂ ಮಳೇಲೇ ಓಡಾಡ್ಬೇಕು. ಶನಿವಾರ ಮಧ್ಯಾಹ್ನದೊಳಗೆ ಟ್ಯಾಂಕು, ಹಂಡೆ, ಬಾನಿ, ಡ್ರಮ್ಮು ಎಲ್ಲಾ ತುಂಬಿಸಿಡಿ. ಒಣಗಿದ ಸೌದೆನ ಅಡುಗೆ ಚಪ್ಪರದಿಂದ ಕೊಟ್ಟಿಗೆ ಅಟ್ಟಕ್ಕೆ ಸಾಗಿಸಿ. ಅಂಗಳದಲ್ಲಿ ಅಮ್ಮ ಹಪ್ಪಳ ಸಂಡಿಗೆ, ಕಾಳುಮೆಣಸು ಏನಾದ್ರೂ ಒಣಗಿ ಹಾಕಿದ್ರೆ ಶುಕ್ರವಾರವೇ ಎತ್ತಿಸ್ಬಿಡಿ, ಗಡಿಬಿಡಿಲಿ ಅದು ಯಾರಿಗೂ ನೆನಪಾಗಲ್ಲ.

ರಿಪ್ಪನ್‌ಪೇಟೆ ತೋಟ:

ದಾರಿ ಬಗ್ಗೆ ನಾನು ಹೇಳ್ತೀನಿ. ಬೆಂಗಳೂರಿಂದ ಬರೋವ್ರು ಶನಿವಾರ ಬೆಳಿಗ್ಗೆ ಆರಕ್ಕೆಲ್ಲ ಹೊರಟ್ರೆ ಮಧ್ಯಾಹ್ನದ ಊಟದ ಹೊತ್ತಿಗೆ ಶಿವಮೊಗ್ಗ ದಾಟಿರ್ತಾರೆ. ಗಾಜನೂರು ಬಿಟ್ಟು ಮಂಡಗದ್ದೆ ಕಡೆ ಬಂದ್ರೆ ರಸ್ತೆ ಎರಡೂ ಬದಿ ಕಾಡು, ಹಳೇ ಮರ, ಗಾಳಿ ಬಂದ್ರೆ ಕೊಂಬೆ ಅಡ್ಡ ಬೀಳೋದು ಅಲ್ಲೇ ಜಾಸ್ತಿ. ಮೂರು ಗಂಟೆ ಒಳಗೆ ತೀರ್ಥಹಳ್ಳಿ ಸೇರ್ಕೊಳ್ಳಿ ಅಂತ ಹೇಳಿ. ತಡ ಆದವ್ರು ಶಿವಮೊಗ್ಗದಲ್ಲೇ ಮಳೆ ಬಿಡೋ ತನಕ ಕಾದು ಹೊರಡ್ಲಿ, ಮಳೆ ಜೋರಾದ್ರೆ ಮರದಡಿ ಕಾರ್ ನಿಲ್ಸೋದು ಬೇಡ, ಬಯಲು ಜಾಗ ಇಲ್ಲ ಪೆಟ್ರೋಲ್ ಬಂಕ್ ನೋಡಿ ನಿಲ್ಸಿ ಒಳಗೇ ಕೂತಿರ್ಲಿ. ಟವರಿಗೆ ಕರೆಂಟ್ ಹೋದ್ರೆ ಸ್ವಲ್ಪ ಹೊತ್ತಲ್ಲಿ ಸಿಗ್ನಲ್ಲೂ ಹೋಗುತ್ತೆ, ಮನೆ ದಾರಿ ಮ್ಯಾಪಲ್ಲಿ ಡೌನ್‌ಲೋಡ್ ಮಾಡ್ಕೊಂಡಿರ್ಲಿ ಎಲ್ರೂ. ಭಾನುವಾರ ಉಡುಪಿ ಕಡೆ ಇಳಿಯೋ ನೆಂಟರಿದ್ರೆ ಅವ್ರನ್ನ ಮೊದಲನೇ ಪಂಕ್ತಿಗೇ ಕೂರ್ಸಿ ಕಳಿಸಿ, ಆಗುಂಬೆ ಘಾಟಿಯ 14 ತಿರುವು ಮಳೇಲಿ ಮಂಜಲ್ಲಿ ಇಳಿಯೋ ಪರಿಸ್ಥಿತಿ ತಂದ್ಕೋಬೇಡಿ.

ಸಾಗರದ ಮೇಷ್ಟ್ರು:

ಚೆನ್ನಾಗಿ ಯೋಚನೆ ಮಾಡಿದೀರಿ. ಇನ್ನು ಬುಲೆಟಿನ್ ನೋಡೋ ವಿಷಯ, ದಿನಕ್ಕೆ ಹತ್ತು ಸಲ ಆ್ಯಪ್ ತೆಗೆದು ನೋಡ್ಬೇಡ ತಂಗೀ. ಶುಕ್ರವಾರ ಮಧ್ಯಾಹ್ನದ ಬುಲೆಟಿನ್ ಒಂದು ಸಲ ನೋಡು. ಶಿವಮೊಗ್ಗ ಜಿಲ್ಲೆಗೆ ಯೆಲ್ಲೋನೇ ಇದ್ರೆ ಈಗಿನ ಏರ್ಪಾಡು ಸಾಕು. ಆರೆಂಜ್ ಆದ್ರೆ, ಇಲ್ಲ ಕೆಲವು ಕಡೆ ಅನ್ನೋದು ಹಲವು ಕಡೆ ಅಂತ ಆದ್ರೆ, ಶನಿವಾರ ರಾತ್ರಿ ಮಲಗೋ ನೆಂಟರಲ್ಲಿ ಅರ್ಧ ಜನಕ್ಕೆ ತೀರ್ಥಹಳ್ಳಿಲಿ ರೂಮ್ ಮಾಡಿಬಿಡಿ, ಮನೆ ಒಳಗೆ ಎಲ್ಲರಿಗೂ ಜಾಗ ಇರೋ ಹಂಗೆ. ಶನಿವಾರ ಮಧ್ಯಾಹ್ನ ಎರಡರಿಂದ ಮನೇಲಿ ಒಬ್ಬ ಜವಾಬ್ದಾರಿ ಹುಡುಗನ ಕೈಗೆ ದಾಮಿನಿ ಇರೋ ಫೋನ್ ಕೊಟ್ಟು ಅವನ ಕೆಲಸ ಅದೊಂದೇ ಅಂತ ಹೇಳು, 40 ಕಿಲೋಮೀಟರ್ ಒಳಗೆ ಬಂತು ಅಂದ್ರೆ ಪರದೆ ಬಿಚ್ಚೋದು, ಮೈಕ್ ಕೀಳೋದು, 20ರ ಒಳಗೆ ಬಂತು ಅಂದ್ರೆ ಎಲ್ಲರೂ ಒಳಗೆ. ಭಾನುವಾರನೂ ಹನ್ನೆರಡರಿಂದ ಅದೇ ಹುಡುಗ ಅದೇ ಕೆಲಸ. ಮೂಡಣದ ಕಡೆ ಗುಡ್ಡ ಅಡ್ಡ ಇದ್ದು ಆಕಾಶ ಕಾಣಲ್ಲ ಅಂದ್ರೆ ತೀರ್ಥಹಳ್ಳಿ ಪೇಟೆಲಿರೋ ಯಾರಾದ್ರೂ ಪರಿಚಯದವ್ರಿಗೆ ಹೇಳಿಟ್ಕೋ, ನಿಮ್ಮನೆಗಿಂತ ಮೊದಲು ಮೋಡ ಅವ್ರಿಗೆ ಕಾಣುತ್ತೆ. ವಟುವಿಗೆ ನನ್ನ ಆಶೀರ್ವಾದ ತಿಳಿಸು.